ಕೊಕ್ಕರೆಯ ತಪ್ಪದ ಮಾತು

ಕೆರೆಯ ಬಾತುಗಳಿಗೆ ಅಂಟುಜ್ವರ ತಗುಲಿತು. ಯಾವುದಕ್ಕೆ ಬಂದಿದೆಯೆಂದು ನೋಡಿದರೆ ತಿಳಿಯುತ್ತಿರಲಿಲ್ಲ.

"ಮೂಸಿದ ಕೂಡಲೇ ಹೇಳಿಬಿಡುತ್ತೇನೆ," ಎಂದಿತು ಸುಂಡಿಲಿ ತಾಯಿಬಾತಿಗೆ. "ಒಮ್ಮೊಮ್ಮೆ ತಪ್ಪುತ್ತೇನೆ, ಅದಕ್ಕೇ ದಿನವೂ ಮೂಸುತ್ತೇನೆ. ಜ್ವರದ ವಾಸನೆ ಬಂದ ಮರಿ ನಾಲ್ಕು ದಿನ ಆಚೆ ದಡದಲ್ಲಿರಲಿ."

"ತಪ್ಪುವ ಮೂಗನ್ನು ನಂಬಿ ಮರಿಯನ್ನು ಅಗಲಿರಲೇ?" ಎಂದು ತಾಯಿ ಕೊಕ್ಕರೆಯ ಬಳಿಗೆ ಹೋಯಿತು. ಕೊಕ್ಕರೆ ಕಿರಿಯ ಮರಿಯ ಪುಕ್ಕವೊಂದನ್ನು ನೀರಲ್ಲಿಟ್ಟು, "ಐದನೆಯ ದಿನ ಹೇಳುತ್ತೇನೆ, ನನ್ನ ಮಾತು ತಪ್ಪದು," ಎಂದು ಒಂಟಿಕಾಲಲ್ಲಿ ನಿಂತಿತು. ಅಲ್ಲಿಯವರೆಗೆ ನಾಲ್ಕು ಮರಿಗಳೂ ತಾಯಿಯ ರೆಕ್ಕೆಯಡಿ ಒತ್ತಾಗಿ ಮಲಗಿದವು.

ಐದನೆಯ ದಿನ ಕೊಕ್ಕರೆ ಬಂದು, "ಕಿರಿಯದಕ್ಕೆ ಜ್ವರವಿದೆ, ಸಂಶಯವೇ ಇಲ್ಲ," ಎಂದಿತು.

ಅಷ್ಟರಲ್ಲಿ ಜ್ವರ ಒಂದರಿಂದೊಂದಕ್ಕೆ ಅಂಟಿ, ರೆಕ್ಕೆಯಡಿ ಒಂದು ಮರಿಯೂ ಬದುಕಿ ಉಳಿದಿರಲಿಲ್ಲ. ಸುಂಡಿಲಿಯ ಮಾತು ಕೇಳಿದ್ದ ನೆರೆಯ ಬಾತಿನ ಮರಿ ಆಚೆ ದಡದಿಂದ ಈಜಿ ಬರುತ್ತಿತ್ತು. ಅದು ತನ್ನದಲ್ಲವೆಂದು ಗೊತ್ತಿದ್ದೂ ತಾಯಿ ರೆಕ್ಕೆ ಬಿಚ್ಚಿ ಕಾಯುತ್ತ ನಿಂತಿತು.