ನಿಂತವರ ಗುಡ್ಡ

ಮಲಪ್ರಭೆಯ ಬಯಲು ದಾಟಿ ಕೆಂಪು ಕಲ್ಲಿನ ಬೆಟ್ಟಸಾಲಿನ ಸೀಮೆಗೆ ಬಂದರೆ, ಆ ಸಾಲಿನಲ್ಲೆಲ್ಲ ಎತ್ತರವಾಗಿ, ನೆತ್ತಿ ಬೋಳಾಗಿ ಕಾಣುವುದೇ ನಿಂತವರ ಗುಡ್ಡ. ಬುಡದಲ್ಲಿ ಒಂದು ಹಳ್ಳ, ತುದಿಯಲ್ಲಿ ಗುಡ್ಡದವ್ವನ ಗುಡಿ, ನಡುವೆ ಹನ್ನೆರಡು ತಿರುವಿನ ಕಾಲುದಾರಿ. ಎಂಟನೆಯ ತಿರುವಿನಲ್ಲಿ ಒಂದು ಬಸರಿ ಮರ, ಅದರ ಕೆಳಗೆ ಒಬ್ಬರು ಕೂರುವಷ್ಟೇ ಅಗಲದ ಒಂದು ಕಲ್ಲು. ಈಚೆಗೆ ಬೆನ್ನಿಗೆ ಚೀಲ ಬಿಗಿದ ಚಾರಣದವರು ದೂರದ ಊರುಗಳಿಂದ ಬಂದು, ಸಾಲುಬೆಟ್ಟಗಳನ್ನು ಒಂದೊಂದಾಗಿ ಏರಿಳಿದು ಕೊನೆಗೆ ಇದನ್ನೂ ಹತ್ತಿ ಹೋಗುತ್ತಾರೆ. ಹೆಸರಿನ ವಿಷಯ ಕೇಳಿದರೆ ಓದಿಕೊಂಡವರು ಬಗೆಬಗೆಯಾಗಿ ಹೇಳುತ್ತಾರೆ. ಯಾವುದೋ ದಂಡು ಇಲ್ಲಿ ಕಾವಲು ನಿಂತಿತ್ತಂತೆ. ಯಾರೋ ಋಷಿಗಳು ಒಂಟಿ ಕಾಲಿನಲ್ಲಿ ನಿಂತು ತಪಸ್ಸು ಮಾಡಿದರಂತೆ. ದಂಡು ಬಾರದ, ಋಷಿಗಳು ತಪಸ್ಸು ಮಾಡದ ಗುಡ್ಡ ಈ ನಾಡಿನಲ್ಲಿ ಎಲ್ಲಿದೆಯೋ ನಾನರಿಯೆ. ಬುಡದ ಊರಿನ ಹಿರಿಯರ ಮಾತೇ ಬೇರೆ. ಇಲ್ಲಿ ನಿಂತವರು ಒಂಬತ್ತು ಮಂದಿ ನೇಕಾರರು, ನಿಂತದ್ದು ಒಂದು ಮಧ್ಯಾಹ್ನ ಮಾತ್ರ ಎನ್ನುತ್ತಾರೆ.

ಹಿಂದೆ ಒಮ್ಮೆ, ಎಂಟು ದಿನದ ಹಾದಿಯಾಚೆಯ ಒಂದು ಮಗ್ಗದೂರಿನಿಂದ ವರ್ಷವರ್ಷವೂ ಒಂದು ತಂಡ ಈ ಗುಡ್ಡಕ್ಕೆ ನಡೆದು ಬರುತ್ತಿತ್ತು. ಹೊಸ್ತಿಲ ಹುಣ್ಣಿಮೆಯ ನಸುಕಿನಲ್ಲಿ ಬುಡದ ಹಳ್ಳದಿಂದ ಒಂದು ತಂಬಿಗೆ ನೀರು ತುಂಬಿಕೊಂಡು, ಸಂಜೆಯ ದೀಪ ಹಚ್ಚುವುದರೊಳಗೆ ಮೇಲೇರಿ, ಹರಕೆ ಹೊತ್ತವರು ತಮ್ಮ ಕೈಯಾರೆ ಅವ್ವನ ತಲೆಗೆ ಎರೆಯಬೇಕು. ತಪ್ಪಿದರೆ ಮತ್ತೆ ಮುಂದಿನ ವರ್ಷವೇ. ಕಟ್ಟಳೆ ಇನ್ನೂ ಒಂದಿತ್ತು. ತಂಬಿಗೆ ನೆಲ ಮುಟ್ಟಬಾರದು, ಕುಳಿತವರ ಕೈಯಲ್ಲೂ ಇರಬಾರದು. ಆ ನೀರು ನಿಂತವರ ಕೈಯಲ್ಲೇ ಇರಬೇಕು. ದಣಿವಾರಿಸಿಕೊಳ್ಳಬೇಕಾದರೆ ಒಬ್ಬರು ಎರಡು ತಂಬಿಗೆ ಹಿಡಿದು ನಿಲ್ಲುವುದು, ಇನ್ನೊಬ್ಬರು ಕೂರುವುದು, ಆಮೇಲೆ ಅದಲು ಬದಲು. ಜೊತೆಯಿಲ್ಲದವನು ಈ ಗುಡ್ಡ ಹತ್ತುವಂತೆಯೇ ಇರಲಿಲ್ಲ.

ತಂಡದ ಮುಂದಾಳು ಬರಮಪ್ಪ. ಹತ್ತೊಂಬತ್ತು ವರ್ಷದಿಂದ ಅವನದೇ ಮುಂದಾಳ್ತನ. ಕೈಯಲ್ಲಿ ಕೋಲು, ಹೆಗಲಲ್ಲಿ ಬುತ್ತಿಯ ಗಂಟು. ತಂಬಿಗೆ ಮಾತ್ರ ಇಲ್ಲ, ಏಕೆಂದರೆ ದಾರಿ ತೋರುವವನ ಕೈ ಬಿಡುವಾಗಿರಬೇಕು. ಒಬ್ಬರನ್ನೂ ಹಿಂದೆ ಬಿಟ್ಟು ಹೋದವನಲ್ಲ ಎಂದು ಅವನಿಗೆ ಹೆಸರಿತ್ತು, ಆ ಹೆಸರಿನ ಮೇಲೆ ಅವನಿಗೆ ಕೊಂಚ ಹೆಮ್ಮೆಯೂ ಇತ್ತು. ಆ ವರ್ಷ ಅವನ ಹಿಂದೆ ತಂಬಿಗೆ ಹಿಡಿದವರು ಒಂಬತ್ತು ಮಂದಿ. ಅವರಲ್ಲಿ ಎಲ್ಲರಿಗಿಂತ ನಿಧಾನದವಳು ಫಕೀರವ್ವ. ಹುಟ್ಟಿದಾಗಿನಿಂದ ನೂಲಿನ ಕದಿರು ತಿರುವುತ್ತ ಕುಳಿತೇ ಬಾಳಿದ ವಿಧವೆ. ಸಪಾಟು ದಾರಿಯಲ್ಲಿ ಹೇಗೋ ಸರಿಯೇ, ಏರಿನಲ್ಲಿ ಮೊಣಕಾಲು ಮಾತು ಕೇಳುತ್ತಿರಲಿಲ್ಲ. ಆದರೂ ಬಂದಿದ್ದಳು. ಮಗಳ ಎರಡು ಕೂಸುಗಳು ತೊಟ್ಟಿಲಲ್ಲೇ ಹೋಗಿದ್ದವು. ಮೂರನೆಯದು ಮೂರು ತಿಂಗಳದಾಗಿತ್ತು. ತಾನು ಅವ್ವನಿಗೆ ನೀರೆರೆದು ಬರುವ ತನಕ ಅದಕ್ಕೆ ಹೆಸರಿಡುವುದಿಲ್ಲ ಎಂದು ಹರಕೆ ಹೊತ್ತಿದ್ದಳು. ಹೆಸರಿಲ್ಲದ ಕೂಸು ಮನೆಯಲ್ಲಿ ಅಜ್ಜಿಯ ದಾರಿ ಕಾಯುತ್ತಿತ್ತು.

ಬೆಳಗಿನಿಂದ ನಡೆದದ್ದು ಇಷ್ಟು. ತಂಡ ಬಿರುಸಿನಿಂದ ಏರಿ ಒಂದು ತಿರುವು ಮುಟ್ಟುವುದು, ಫಕೀರವ್ವ ಹಿಂದೆ ಉಳಿಯುವುದು. ಬರಮಪ್ಪ ಎಲ್ಲರನ್ನೂ ತಡೆದು, ಆಕೆ ಬರಲಿ ಎಂದು ಕಾಯಿಸುವುದು. ಎಂಟು ಮಂದಿ ಜೋಡಿ ಜೋಡಿಯಾಗಿ ಸರದಿಯ ಮೇಲೆ ಕುಳಿತು ಶೇಂಗಾ ಬೆಲ್ಲ ಬಾಯಿಗೆ ಹಾಕಿಕೊಂಡು, ಒಬ್ಬರನ್ನೊಬ್ಬರು ಕಾಲೆಳೆದು ನಗುವರು. ಆಕೆಯ ಸೆರಗು ಕೆಳಗಿನ ಕಲ್ಲಿನಾಚೆ ಕಂಡದ್ದೇ ತಡ, ಬಂದಳು ಬಂದಳು ಎಂದು ಎಲ್ಲರೂ ಧೂಳು ಕೊಡವಿ ಏಳುವರು. ನಿನಗಾಗಿಯೇ ಕಾದಿದ್ದೆವು ಎಂದು ಬರಮಪ್ಪ ಪ್ರೀತಿಯಿಂದಲೇ ಹೇಳುವನು, ಆಕೆ ನಾಚಿ ನಗುವಳು, ತಂಡ ಹೊರಡುವುದು. ಹೀಗೆ ಏಳು ತಿರುವು ಕಳೆದವು. ತನ್ನಂಥ ಕರುಣಾಳು ಮುಂದಾಳು ಸುತ್ತ ಹತ್ತೂರಿನಲ್ಲಿ ಇಲ್ಲವೆಂದು ಬರಮಪ್ಪನಿಗೆ ಅಂದು ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಎಂಟನೆಯ ತಿರುವಿನಲ್ಲಿ ಎಷ್ಟು ಕಾದರೂ ಸೆರಗು ಕಾಣಲಿಲ್ಲ. ಹೊತ್ತು ನೆತ್ತಿ ದಾಟಿ ಓರೆಯಾಗಿತ್ತು. ಗೊಣಗುತ್ತಲೇ ಬರಮಪ್ಪ ಕೆಳಗಿಳಿದ. ಒಂದು ಬಂಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ತಂಬಿಗೆಯನ್ನು ಎದೆಗೆ ಒತ್ತಿಕೊಂಡು ಫಕೀರವ್ವ ನಿಂತಿದ್ದಳು. ಕಾಲುಗಳೆರಡೂ ಗಡಗಡ ನಡುಗುತ್ತಿದ್ದವು. ಇಷ್ಟು ದಣಿದ ಮೇಲೆ ಒಂದು ಗಳಿಗೆ ಕೂರಬಾರದೇ ಎಂದು ಆತ ಕೇಳಿದ.

"ಕುಂತರ ತಂಬಿಗಿ ಯಾರು ಹಿಡೀತಾರಣ್ಣಾ?" ಎಂದಳು.

ತಿರುವು ತಿರುವಿಗೂ ಇಷ್ಟೊಂದು ಜನ ಇದ್ದೆವಲ್ಲ, ಯಾರ ಕೈಗಾದರೂ ಕೊಡಬಹುದಿತ್ತಲ್ಲ ಎಂದ ಬರಮಪ್ಪ. ಆಕೆ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದಳು.

"ನಾ ಬರೂದ್ರಾಗ ನೀವೆಲ್ಲಾ ಎದ್ದಿರ್ತಿದ್ರಿ. ನನ್ನ ಸಲುವಾಗಿ ಅಷ್ಟೊತ್ತು ಕಾಯ್ದೋರಿಗೆ, ಇನ್ನೊಂದೀಟು ತಡೀರಿ ಅಂತ ಯಾವ ಬಾಯಿಲೆ ಅನ್ನಲಿ? ನಾ ನಸುಕಿನಿಂದ ಕುಂತಿಲ್ಲ."

ಬರಮಪ್ಪನಿಗೆ ಆಗ ಹೊಳೆಯಿತು. ತಾನು ಕಾಯಿಸಿದ್ದು ಆಕೆಗಾಗಿ, ದಣಿವಾರಿದ್ದು ಮಾತ್ರ ಉಳಿದವರಿಗೆ. ಎಲ್ಲರಿಗಿಂತ ಹೆಚ್ಚು ವಿಶ್ರಾಂತಿ ಬೇಕಾದವಳಿಗೇ ಒಂದು ಚಣವೂ ಸಿಕ್ಕಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಹೀಗೆ ಎಷ್ಟು ಮಂದಿಯನ್ನು ನಡೆಸಿಕೊಂಡು ಬಂದೆನೋ ಎಂದು ನೆನೆದು ಅವನಿಗೆ ನಾಚಿಕೆಯಾಯಿತು. ಕೋಲನ್ನು ಆಕೆಗೆ ಕೊಟ್ಟು ತಂಬಿಗೆಯನ್ನು ತಾನು ತೆಗೆದುಕೊಂಡ. ಮೆಲ್ಲಗೆ ಮೇಲೆ ಕರೆತಂದು ಬಸರಿ ಮರದ ಕೆಳಗಿನ ಕಲ್ಲಿನ ಮೇಲೆ ಕೂರಿಸಿದ. ಎಂಟು ಮಂದಿ ಆಗಲೇ ಎದ್ದು ಹೊರಡಲು ಅಣಿಯಾಗಿದ್ದರು.

"ಆಕಿ ಏಳೂತನಕ ನಾ ಇಲ್ಲೇ ನಿಂತೀನಿ," ಎಂದ ಬರಮಪ್ಪ. "ಹೋಗೋರು ಹೋಗ್ರಿ, ದಾರಿ ಕಾಣಸ್ತೈತಿ."

ಈರಸಂಗಪ್ಪನೆಂಬ ನೇಕಾರ ಹೊತ್ತಿನ ಕಡೆ ಕೈ ತೋರಿದ. ಅವನದೂ ಒಂದು ಹರಕೆ, ಅವನೂ ಎಂಟು ದಿನ ನಡೆದವನೇ, ಅವನದು ತಪ್ಪೆನ್ನಲಾಗದು. ಹೊತ್ತಾಗುತ್ತದೆಂದು ಫಕೀರವ್ವನೂ ಏಳಹೋದಳು, ಮೊಣಕಾಲು ಏಳಗೊಡಲಿಲ್ಲ. ಈರಸಂಗಪ್ಪ ಎರಡು ಸಲ ತುದಿಯ ಕಡೆ ನೋಡಿದ. ಆಮೇಲೆ ಬಂದು, ಆಕೆಯ ಮುಖಕ್ಕೆ ಬೀಳುತ್ತಿದ್ದ ಬಿಸಿಲಿಗೆ ಅಡ್ಡವಾಗಿ ನಿಂತ. ಉಳಿದವರೂ ಕದಲಲಿಲ್ಲ; ಬರಮಪ್ಪನೂ ಸೇರಿ ಒಂಬತ್ತು ಮಂದಿ ನಿಂತರು. ಫಕೀರವ್ವ ಕುಳಿತಲ್ಲೇ ನಿದ್ದೆಹೋದಳು. ಯಾರೂ ಎಬ್ಬಿಸಲಿಲ್ಲ, ಯಾರೂ ಕೂರಲಿಲ್ಲ.

ಆಕೆ ಎಚ್ಚರಗೊಂಡ ಮೇಲೆ ಆಕೆಯನ್ನೇ ಮುಂದೆ ಮಾಡಿಕೊಂಡು, ಆಕೆಯ ಹೆಜ್ಜೆಗೆ ಹೆಜ್ಜೆ ಹಾಕುತ್ತ ಎಲ್ಲರೂ ಹತ್ತಿದರು. ಅಂದು ಹೊತ್ತು ಮುಳುಗದೆ ಕಾದಿತ್ತು ಎಂದು ಕೆಲವರು ಹಾಡು ಕಟ್ಟಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹೊತ್ತು ಯಾರಿಗೂ ಕಾಯುವುದಿಲ್ಲ; ಅಂದೂ ಕಾಯಲಿಲ್ಲ. ಅವರು ತುದಿ ಮುಟ್ಟಿದಾಗ ದೀಪ ಹಚ್ಚಿ, ಗುಡಿಯ ಬಾಗಿಲು ಮುಚ್ಚಿ, ಪೂಜಾರಿ ಮುದುಕಿ ಹೊಸ್ತಿಲಲ್ಲಿ ಕುಳಿತಿದ್ದಳು. ಇದನ್ನು ಕಂಡು ಫಕೀರವ್ವ ತನ್ನ ಜೊತೆಯವರತ್ತ ತಿರುಗಿ ಅತ್ತುಬಿಟ್ಟಳು. ಮಗಳ ಕೂಸಿನ ಹೆಸರಂತೂ ಹೋಯಿತು, ತನ್ನಿಂದ ಅವರೆಲ್ಲರ ಹರಕೆಯೂ ಕೆಟ್ಟಿತು ಎಂದಳು.

"ನಿನ್ನಿಂದಲ್ಲವ್ವ," ಎಂದ ಬರಮಪ್ಪ. "ನೀ ಕುಂತ ಹೊತ್ತಲ್ಲ ಇದು. ಏಳು ತಿರುವಿನ್ಯಾಗ ನಾವು ಕುಂತ ಹೊತ್ತು."

ಮುದುಕಿ ಏನು ನಡೆಯಿತೆಂದು ಕೇಳಿದಳು. ಬರಮಪ್ಪ ಒಂದನ್ನೂ ಮುಚ್ಚಿಡದೆ, ತನ್ನ ತಪ್ಪನ್ನೇ ಮೊದಲು ಹೇಳಿದ. ಕೇಳಿದ ಮುದುಕಿ ಒಂಬತ್ತು ತಂಬಿಗೆಗಳನ್ನೂ ಒಂದೊಂದಾಗಿ ನೋಡಿದಳಂತೆ.

"ನೀರಿನ್ನೂ ನಿಂತೋರ ಕೈಯಾಗೈತಿ," ಎಂದಳು. "ಮತ್ತ ದಿನ ಹ್ಯಾಂಗ ಮುಗೀತು?"

ಬಾಗಿಲು ತೆರೆಯಿತು. ಮೊದಲ ನೀರು ಫಕೀರವ್ವನದೇ ಆಯಿತು. ಊರಿಗೆ ಮರಳಿದ ಮಾರನೆಯ ದಿನ ಕೂಸಿಗೆ ಹೆಸರಿಟ್ಟರು. ಅದು ಬದುಕಿ ಬಾಳಿತು ಎನ್ನುತ್ತಾರೆ. ಅಲ್ಲಿಂದ ಮುಂದೆ ಬರಮಪ್ಪ ನಡೆದಷ್ಟು ವರ್ಷವೂ ತಂಡದ ಕೊನೆಯಲ್ಲೇ ನಡೆದ.

ಈಗಲೂ ಎಂಟನೆಯ ತಿರುವಿನಲ್ಲಿ ಹೂವು ಮಾರುವ ಹೆಂಗಸರಿದ್ದಾರೆ. ಚಾರಣದ ಹುಡುಗರು ಏದುಸಿರು ಬಿಡುತ್ತ ಬಂದು ಕಲ್ಲಿನ ಮೇಲೆ ಕೂರಹೋದರೆ, ನಿಮ್ಮಲ್ಲಿ ಕೊನೆಯವರು ಇನ್ನೂ ಬಂದಿಲ್ಲ ಎಂದು ತಡೆಯುತ್ತಾರೆ. ಹುಡುಗರು ಮೊದಲು ನಗುತ್ತಾರೆ, ಕಥೆ ಕೇಳಿದ ಮೇಲೆ ನೀರಿನ ಬಾಟಲಿ ಹಿಡಿದು ನಿಲ್ಲುತ್ತಾರೆ. ಬಹಳ ಹೊತ್ತಿನ ಮೇಲೆ ಎಲ್ಲರಿಗಿಂತ ಹಿಂದೆ ಉಳಿದವರೊಬ್ಬರು, ತಡವಾಯಿತೆಂದು ಕ್ಷಮೆ ಕೇಳುತ್ತಲೇ ಮೇಲೆ ಬರುತ್ತಾರೆ. ಎಲ್ಲರೂ ನಿಂತಿರುವುದನ್ನೂ ಕಲ್ಲು ಖಾಲಿ ಇರುವುದನ್ನೂ ನೋಡುತ್ತಾರೆ. ಅದು ತಮಗಾಗಿಯೇ ಎಂದು ತಿಳಿಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ.