ಸಣ್ಣಕ್ಕನ ಕಲ್ಲು

ಮುತ್ತುಗದಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಗೆ ಹರಿಯುವ ಕೋಡಿಯ ಮೇಲೆ ಅಗಲವಾದ ಹಾಸುಗಲ್ಲುಗಳಿವೆ. ನೀರು ಧುಮುಕುವ ಅಂಚಿನಿಂದ ಇಪ್ಪತ್ತು ಹೆಜ್ಜೆ ಹಿಂದೆ, ಕೆರೆಯ ಕಡೆಗೆ, ಸೊಂಟದೆತ್ತರದ ಕಲ್ಲೊಂದು ನೆಟ್ಟಿದೆ. ಅದರ ಮೇಲೆ ದೇವರಿಲ್ಲ, ಬರಹವಿಲ್ಲ. ಇರುವುದು ಒಂದು ಅಡ್ಡಗೀರು. ಊರವರು ಅದನ್ನು ಸಣ್ಣಕ್ಕನ ಕಲ್ಲು ಎನ್ನುತ್ತಾರೆ.

ಹಿಂದೆ ಒಮ್ಮೆ, ಪಾಳೇಗಾರರ ಕಾಲದಲ್ಲಿ, ಈ ಕೆರೆಯನ್ನು ಕಾಯುವ ನೀರುಗಂಟಿ ಓಬಳಯ್ಯನೆಂಬವನಿದ್ದ. ಮಳೆ ಹೆಚ್ಚಾದರೆ ಅವನು ಸೊಂಟಕ್ಕೆ ಹಗ್ಗ ಬಿಗಿದು ಕೋಡಿಯ ಅಂಚಿನಲ್ಲಿ ನಿಲ್ಲುತ್ತಿದ್ದ. ನೀರು ಮೊಣಕಾಲು ಮುಟ್ಟಿದರೆ ಏರಿಗೆ ಅಪಾಯವೆಂದು ತಮಟೆ ಬಾರಿಸಬೇಕು. ಕೆಳಗಿನ ಹಟ್ಟಿಯವರು ಗುಡ್ಡ ಹತ್ತಬೇಕು. ಹಿಂದಿನ ವರ್ಷ ಅವನು ಹೆದರಿ ಬೇಗ ಬಾರಿಸಿಬಿಟ್ಟಿದ್ದ. ಏರಿಗೆ ಏನೂ ಆಗಲಿಲ್ಲ. ಪಾದ ತೊಯ್ದರೂ ಓಬಳಯ್ಯನಿಗೆ ಪ್ರಳಯವೇ ಎಂದು ಹಟ್ಟಿಯೆಲ್ಲ ನಕ್ಕಿತು. ಆ ನಗೆ ಅವನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

ಆ ವರ್ಷದ ಮಳೆ ಮೂರು ಹಗಲು ಬಿಡಲಿಲ್ಲ. ಬುತ್ತಿ ತಂದ ಸೊಸೆ ಸಣ್ಣಕ್ಕ ಹಾಸುಗಲ್ಲಿನ ಹಿಂದಿನ ತುದಿಯಲ್ಲಿ ಕಾಲಿಟ್ಟವಳೇ ಕೂಗಿದಳು. "ಮಾವಾ, ಇಲ್ಲಿ ತೊಡೆ ಮುಳುಗ್ತೈತೆ! ತಮಟೆ ಹೊಡೀರಿ!"

ಓಬಳಯ್ಯ ತನ್ನ ಕಾಲು ನೋಡಿಕೊಂಡ. ನೀರು ಮೊಣಕಾಲಿಗಿಂತ ನಾಲ್ಕು ಬೆರಳು ಕೆಳಗೇ ಇತ್ತು. "ನೀರು ಎಲ್ಲಾ ಕಡೆ ಒಂದೇ ಮಟ್ಟ ಕಣವ್ವ. ಹಟ್ಟಿ ನಿನ್ನ ತವರು, ಅದಕ್ಕೇ ನಿನಗೆ ಭಯ," ಎಂದುಬಿಟ್ಟ. ಸಣ್ಣಕ್ಕ ಅಲ್ಲೇ ನಿಂತು ಅಳತೊಡಗಿದಳು. ಕೊನೆಗೆ ಅವಳನ್ನು ಗದರಿ ಕಳಿಸೋಣವೆಂದು ಅವನೇ ಹಿಂದಕ್ಕೆ ನಡೆದ. ಹೆಜ್ಜೆ ಹೆಜ್ಜೆಗೂ ನೀರು ಏರಿತು. ಅವಳ ಹತ್ತಿರ ಬರುವಷ್ಟರಲ್ಲಿ ಅವನ ತೊಡೆಯೇ ಮುಳುಗಿತ್ತು. ಧುಮುಕುವ ನೀರು ಅಂಚಿನ ಹತ್ತಿರ ಬಾಗಿ ತಗ್ಗುತ್ತದೆ ಎಂಬುದು ಇಷ್ಟು ವರ್ಷ ಅಲ್ಲೇ ನಿಂತವನಿಗೆ ತಿಳಿದಿರಲಿಲ್ಲ.

ಅವನು ಓಡಿ ತಮಟೆ ಬಾರಿಸಿದ. ಹಟ್ಟಿಯವರು ಗುಡ್ಡದತ್ತ ಓಡಿದರು. ಏರಿ ಒಡೆದಾಗ ದಾರಿಯಲ್ಲಿ ಉಳಿದಿದ್ದವಳು ಸಣ್ಣಕ್ಕನ ತಾಯಿ ಒಬ್ಬಳೇ; ಅವಳನ್ನು ನೀರು ಕೊಚ್ಚಿಕೊಂಡು ಹೋಯಿತು.

ಏರಿ ಮತ್ತೆ ಕಟ್ಟಿದ ಮೇಲೆ, ಸೊಸೆ ನಿಂತಿದ್ದ ಜಾಗದಲ್ಲಿ ಓಬಳಯ್ಯ ಕಲ್ಲು ನೆಟ್ಟ. ಮೊಣಕಾಲಿನ ಮಟ್ಟಕ್ಕೆ ಉಳಿ ಇಟ್ಟಾಗ ಸಣ್ಣಕ್ಕ ಅವನ ಕೈ ಹಿಡಿದು ಒಂದು ಗೇಣು ಕೆಳಗಿಳಿಸಿದಳಂತೆ.

"ಇಲ್ಲಿ ಹೊಡೀರಿ ಮಾವ. ನಮ್ಮವ್ವ ನಡೆಯೋದು ನಿಧಾನ."

ಇಂದಿಗೂ ಗೀರು ಅಲ್ಲೇ ಇದೆ, ಮೊಣಕಾಲಿಗಿಂತ ಒಂದು ಗೇಣು ಕೆಳಗೆ. ನೀರು ಅದನ್ನು ಮುಟ್ಟಿದರೆ ತಮಟೆ ಬಾರಿಸುತ್ತಾರೆ. ಬೇಗ ಬಾರಿಸಿದರೆಂದು ಹಟ್ಟಿಯಲ್ಲಿ ಯಾರೂ ನಗುವುದಿಲ್ಲ.