ಓಕೆಗೆ ಮೂಲ ಯಾವುದು?

ಜವಾನ ಮುದ್ದಹನುಮಯ್ಯನ ಬಾಯಿಂದ "ಓಕೆ ಸಾರ್" ಅಂತ ಬಂದದ್ದೇ ತಡ, ಹೊಸ ಸಾಹೇಬರು ಕೆಂಡವಾದರು.

"ಇದೇನು ಕಚೇರಿಯೋ, ಕಾಲೇಜು ಕ್ಯಾಂಟೀನೋ? ಆ ಪದದ ಮೂಲ, ಬಳಕೆ, ಅರ್ಥ ನಾಳೆ ಬರೆದು ತಾ. ಇಲ್ಲದಿದ್ದರೆ ಗಡಿ ತಾಲ್ಲೂಕಿಗೆ ವರ್ಗ!"

ಮರುದಿನ ಸಾಹೇಬರು ಫೋನಿನಲ್ಲಿ ಹರಟುತ್ತಲೇ ಫೈಲುಗಳ ರಾಶಿಗೆ ಸಹಿ ಜಡಿದು ಮುಗಿಸುವವರೆಗೆ ಹನುಮಯ್ಯ ಕೈಕಟ್ಟಿ ನಿಂತಿದ್ದ.

"ಎಲ್ಲಯ್ಯಾ ನಿನ್ನ ಉತ್ತರ?"

"ಆಗಲೇ ಕೊಟ್ಟೆನಲ್ಲ ಸ್ವಾಮಿ!" ರಾಶಿಯಿಂದ ಒಂದು ಹಾಳೆ ಎಳೆದು, ಇಡೀ ಕಚೇರಿಗೆ ಕೇಳುವಂತೆ ಓದಿದ: "ಮೂಲ, ಸಾಹೇಬರ ಕೆಂಪು ಪೆನ್ನು. ಬಳಕೆ, ಪ್ರತಿ ಫೈಲಿನ ಮೇಲೆ. ಅರ್ಥ, ನಾನಿದನ್ನು ಓದಿಲ್ಲ."

ಸಾಹೇಬರು ಹಾಳೆ ಕಿತ್ತುಕೊಂಡರು. ಕೆಳಗೆ ಇನ್ನೂ ಆರದ ಕೆಂಪು ಶಾಯಿಯಲ್ಲಿ ಅವರದೇ ಅಕ್ಷರ: ಓಕೆ.

ಗುಮಾಸ್ತರೆಲ್ಲ ಫೈಲುಗಳ ಹಿಂದೆ ಮುಖ ಮುಚ್ಚಿಕೊಂಡರು.

"ಹೋಗು, ಕಾಫಿ ತಾ," ಎಂದರು ಸಾಹೇಬರು, ಮೆಲ್ಲಗೆ.

"ಓಕೆ ಸಾರ್!"